ಕಾಫಿ ಪ್ಲಾಂಟರ್ ಬಿತ್ತಿದ ಚಿಕೋರಿ

ರಾಬರ್ಟ್ ಎಚ್. ಎಲಿಯಟ್ ಎಂಬ ಹೆಸರು ಗ್ರಂಥಾಲಯದ ಎರಡು ಬೇರೆ ಬೇರೆ ಕಪಾಟುಗಳಲ್ಲಿ ಸಿಗುತ್ತದೆ. ಮೈಸೂರು ಸಂಸ್ಥಾನದ ಚರಿತ್ರೆ ಓದುವವರಿಗೆ ಆತ ಮಂಜರಾಬಾದಿನ, ಅಂದರೆ ಇಂದಿನ ಸಕಲೇಶಪುರ ಸೀಮೆಯ ಕಾಫಿ ಪ್ಲಾಂಟರ್. ಮೈಸೂರಿನ ಕಾಡುಗಳಲ್ಲಿ ಕಳೆದ ದಿನಗಳ ಬಗ್ಗೆ 1871ರಲ್ಲಿ, ಅಲ್ಲಿನ ಚಿನ್ನ, ಬೇಟೆ, ಕಾಫಿಗಳ ಬಗ್ಗೆ 1894ರಲ್ಲಿ ಪುಸ್ತಕ ಬರೆದವನು. ಸಾವಯವ ಕೃಷಿಯ ಚರಿತ್ರೆ ಓದುವವರಿಗೆ ಆತ ಸ್ಕಾಟ್ಲೆಂಡಿನ ಗಡಿಯ ಒಬ್ಬ ಭೂಮಾಲೀಕ. ಹುಲ್ಲುಗಾವಲಿನ ಬಗ್ಗೆ 1898ರಲ್ಲಿ ಒಂದು ಪುಸ್ತಕ ಬರೆದವನು. ಇಬ್ಬರೂ ಒಬ್ಬನೇ. ಆದರೆ ಒಂದು ಕಪಾಟಿನ ಓದುಗರು ಇನ್ನೊಂದರ ಕಡೆ ಹೋಗುವುದು ಕಡಿಮೆ. ಹಾಗಾಗಿ ಮಲೆನಾಡಿನ ಕಾಫಿ ತೋಟಕ್ಕೂ ಇವತ್ತು ಹಲವು ದೇಶಗಳ ವಿಜ್ಞಾನಿಗಳು ಒಟ್ಟಾಗಿ ನಡೆಸುತ್ತಿರುವ ಮೇವಿನ ಸಂಶೋಧನೆಗೂ ನಡುವೆ ಇರುವ ಈ ಎಳೆ ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ.

ಎಲಿಯಟ್ 1850ರ ದಶಕದಲ್ಲಿ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಮುಂಬಯಿಯಲ್ಲಿ ಹಡಗಿನಿಂದ ಇಳಿದು ಮೈಸೂರಿಗೆ ಬಂದ. ಆಗ ಬಿಳಿಯ ಪ್ಲಾಂಟರುಗಳಲ್ಲಿ ಅನೇಕರು ಕಾಡನ್ನು ಬೋಳಿಸಿ, ಬಯಲಿನಲ್ಲಿ ಕಾಫಿ ನೆಡುತ್ತಿದ್ದರು. 1860ರ ದಶಕದ ಒಣ ವರ್ಷಗಳಲ್ಲಿ ಕಾಂಡಕೊರಕ ಹುಳು ಬಂತು. ನೆರಳಿಲ್ಲದ ತೋಟಗಳು ಮೊದಲು ಹೋದವು. ಅದರ ಬೆನ್ನಿಗೆ, ಆ ಕಾಲದಲ್ಲಿ ಎಲ್ಲೆಡೆ ಇದ್ದ 'ಚಿಕ್' ಎಂಬ ತಳಿಯೇ ಸೊರಗಿತು. ಅದರ ಜಾಗಕ್ಕೆ ಕೊಡಗಿನ ತಳಿ ತರಬೇಕಾಯಿತು. ಎಲಿಯಟ್ ತನ್ನ 1894ರ ಪುಸ್ತಕದಲ್ಲಿ ನೆರಳಿಗಾಗಿಯೇ ದೊಡ್ಡ ಅಧ್ಯಾಯ ಮೀಸಲಿಟ್ಟ. ಗೋಣಿ, ಬಸರಿ ಮುಂತಾದ ಮರಗಳ ಕನ್ನಡ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ ಅಂಕುಡೊಂಕಾಗಿ ಅಲ್ಲಿ ಸಾಲುಗಟ್ಟಿವೆ. ಯಾವ ಮರ ಕಾಫಿಗೆ ಹಿತ, ಯಾವುದು ಅಹಿತ ಎಂಬ ಲೆಕ್ಕ ಅದು. ಈ ಕಥೆಯಲ್ಲಿ ಆತನನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ: ತೋಟ ನಿಂತದ್ದು ಕಡಿದ ಕಾಡಿನ ಮೇಲೆ, ಅಗ್ಗದ ಕೂಲಿಯ ಮೇಲೆ. ಆದರೆ ಮಣ್ಣು ಬೆತ್ತಲಾದರೆ ಏನಾಗುತ್ತದೆ, ಒಂದೇ ತಳಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಆತ ಹತ್ತಿರದಿಂದ ಕಂಡಿದ್ದ.

ಇನ್ನು ಸ್ಕಾಟ್ಲೆಂಡಿನ ಮಾತು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬ್ರಿಟನ್ನಿನ ಬಂದರುಗಳಿಗೆ ಬರತೊಡಗಿತು. ಕಾಳಿನ ಬೆಲೆ ಕುಸಿಯಿತು. ಬೇಸಾಯಗಾರರು ಉಳುವ ನೆಲವನ್ನು ಹುಲ್ಲಿಗೆ ಬಿಡತೊಡಗಿದರು. ಇಂಗ್ಲಿಷಿನಲ್ಲಿ ಇಂಥ ನೆಲಕ್ಕೆ 'ಲೇ' ಎನ್ನುತ್ತಾರೆ. ಅನುವಾದಕ್ಕೆ ಕೂತರೆ ಈ ಪದ ಕೈ ಕಟ್ಟಿಹಾಕುತ್ತದೆ. 'ಬೀಳು' ಎಂದರೆ ಸರಿಹೋಗದು. ಬೀಳು ಎಂದರೆ ಏನನ್ನೂ ಬಿತ್ತದೆ ಬಿಟ್ಟ ನೆಲ. 'ಕಾವಲು', 'ಗೋಮಾಳ' ಎಂದರೂ ಆಗದು. ಅವು ಎಂದೆಂದಿಗೂ ಮೇವಿಗೆಂದೇ ಇರುವ ನೆಲ. 'ಲೇ' ಎಂದರೆ ಬಿತ್ತಿ ಬೆಳೆಸಿದ ಹುಲ್ಲು, ಆದರೆ ಕೆಲವು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ನೇಗಿಲು. ಹುಲ್ಲನ್ನೂ ಒಂದು ಬೆಳೆಯೆಂದು ಲೆಕ್ಕಕ್ಕೆ ತೆಗೆದುಕೊಂಡವರ ಪದ ಅದು.

ಕ್ಲಿಫ್ಟನ್ ಪಾರ್ಕ್ ಎಂಬುದು ಎಲಿಯಟ್‌ನ ಜಹಗೀರು. ಚೆವಿಯಟ್ ಗುಡ್ಡಗಳ ತಪ್ಪಲಿನಲ್ಲಿ, ಬೋಮಾಂಟ್ ಹೊಳೆಯ ದಡದಲ್ಲಿದ್ದ ಅದರ ಒಂದು ಜಮೀನಿನಲ್ಲಿ 1880ರ ದಶಕದಲ್ಲಿ ಆತ ಪ್ರಯೋಗ ಶುರುಮಾಡಿದ. ಬೆಲೆ ಬಿದ್ದ ಕಾಲದಲ್ಲಿ ಕೊಂಡು ತಂದ ಗೊಬ್ಬರ ಸುರಿದು ಬದುಕಲಾಗದು, ಮಣ್ಣಿನ ಸಾರವನ್ನು ಜಮೀನಿನಲ್ಲೇ ಹುಟ್ಟಿಸಬೇಕು ಎಂಬುದು ಆತನ ವಾದ. ಎಂಟು ವರ್ಷದ ಸರದಿಯಲ್ಲಿ ನಾಲ್ಕು ವರ್ಷ ಹುಲ್ಲಿಗೆ. ಆ ಹುಲ್ಲೂ ಬರಿಯ ಹುಲ್ಲಲ್ಲ. ಕಾಕ್ಸ್‌ಫುಟ್‌ನಂಥ ಆಳಬೇರಿನ ಹುಲ್ಲುಗಳು, ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುವ ಕ್ಲೋವರ್, ಜೊತೆಗೆ ಬರ್ನೆಟ್, ಯಾರೋ, ಕಿಡ್ನಿ ವೆಚ್, ಚಿಕೋರಿ. ಹೌದು, ನಮ್ಮ ಫಿಲ್ಟರ್ ಕಾಫಿ ಪುಡಿಗೆ ಬೆರೆಸುವ ಅದೇ ಚಿಕೋರಿ. ಕಾಫಿ ಕಂಪನಿ ಅದರ ಗಡ್ಡೆಯಂಥ ಬೇರನ್ನು ಹುರಿಯುತ್ತದೆ. ಎಲಿಯಟ್‌ಗೆ ಬೇಕಾಗಿದ್ದದ್ದು ಆ ಬೇರು ನೆಲದೊಳಗೆ ಮಾಡುವ ಕೆಲಸ. ನೇಗಿಲು ಮುಟ್ಟದ ಆಳದಲ್ಲಿ ಗಟ್ಟಿ ಪದರವನ್ನು ಸೀಳಿ ಇಳಿಯುತ್ತದೆ, ನೀರಿಗೆ ದಾರಿ ಮಾಡುತ್ತದೆ, ಮೇಲಿನ ಹುಲ್ಲು ಒಣಗಿದಾಗಲೂ ತಾನು ಹಸಿರಾಗಿರುತ್ತದೆ. ಬೇರಿಗಿಂತ ಅಗ್ಗದ ಉಳುಮೆಗಾರ ಇಲ್ಲ ಎಂಬುದು ಆತನ ನಂಬಿಕೆ. ಎಲ್ಲರೂ ಮೆಚ್ಚಿದ್ದ ರೈಗ್ರಾಸ್ ಎಂಬ ಹುಲ್ಲನ್ನು ಮಾತ್ರ ಆತ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಇದೆಲ್ಲ ಆಗ ತೀರಾ ಹೊಸ ಮಾತೇನಲ್ಲ. ಇಂಗ್ಲೆಂಡಿನ ವೋಬರ್ನ್‌ನಲ್ಲಿ ಬೆಡ್‌ಫರ್ಡ್ ಡ್ಯೂಕನ ತೋಟಗಾರ ಜಾರ್ಜ್ ಸಿಂಕ್ಲೇರ್, 242 ಚಿಕ್ಕ ಮಡಿಗಳಲ್ಲಿ ಹುಲ್ಲುಗಳನ್ನು ಬೆಳೆಸಿ 1816ರಲ್ಲಿ ಪುಸ್ತಕ ಬರೆದಿದ್ದ. ಹಲವು ಜಾತಿಯ ಹುಲ್ಲು ಬಿತ್ತಿದರೆ ಒಂದೇ ಜಾತಿಗಿಂತ ಹೆಚ್ಚು ಮೇವು ಬರುತ್ತದೆ ಎಂದು 1859ರಲ್ಲಿ ಡಾರ್ವಿನ್ ಬರೆದದ್ದು ಇಂಥ ಕೆಲಸವನ್ನು ನಂಬಿಯೇ. ಎಲಿಯಟ್ ಮೈಸೂರಿನಲ್ಲಿ ಬೇರು ಬಿಡುತ್ತಿದ್ದ ಹೊತ್ತಿಗೆ, 1856ರಲ್ಲಿ, ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಒಂದು ಹುಲ್ಲುಗಾವಲನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ ಬೇರೆ ಬೇರೆ ಗೊಬ್ಬರ ಹಾಕತೊಡಗಿದ್ದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಗೊಬ್ಬರವಿಲ್ಲದ ಪಟ್ಟಿಯಲ್ಲಿ ಸುಮಾರು 40 ಬಗೆಯ ಸಸ್ಯಗಳು. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ತಿಂದ ಪಟ್ಟಿಯಲ್ಲಿ ಎರಡೋ ಮೂರೋ.

ಎಲಿಯಟ್‌ನ ಪುಸ್ತಕ ಕೆಲವು ಮುದ್ರಣ ಕಂಡಿತು. 1914ರಲ್ಲಿ ಆತ ತೀರಿಕೊಂಡ. ಯುದ್ಧದ ನಡುವೆ, 1943ರಲ್ಲಿ, ವೇಲ್ಸಿನ ಹುಲ್ಲುತಜ್ಞ ಜಾರ್ಜ್ ಸ್ಟೇಪಲ್ಡನ್ ಮುನ್ನುಡಿಯೊಂದಿಗೆ ಅದು ಮತ್ತೆ ಹೊರಬಂತು. ಹಡಗುಗಳು ಮುಳುಗುತ್ತಿದ್ದಾಗ, ಹೊರಗಿನಿಂದ ಏನೂ ತರದೆ ಬೇಸಾಯ ಮಾಡುವುದು ಹೇಗೆಂದು ಎಲ್ಲರಿಗೂ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಸಾರಜನಕ ಗೊಬ್ಬರ ಅಗ್ಗವಾಯಿತು. ಗೊಬ್ಬರ ಸುರಿದರೆ ರೈಗ್ರಾಸ್ ಒಂದೇ ಸಾಕು, ಬೇರೆ ಗಿಡಗಳ ಗೊಡವೆ ಏಕೆ? ನ್ಯೂಮನ್ ಟರ್ನರ್‌ನಂಥ ಕೆಲವು ಸಾವಯವ ರೈತರು ಬಿಟ್ಟರೆ ಚಿಕೋರಿಯನ್ನು ಕೇಳುವವರಿಲ್ಲವಾದರು. 1930ರ ದಶಕದಿಂದ ಮುಂದಿನ ಅರ್ಧ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ತಮ್ಮ ಹೂಗಿಡಗಳಿದ್ದ ಹುಲ್ಲುಗಾವಲುಗಳಲ್ಲಿ ಶೇಕಡ 97ರಷ್ಟನ್ನು ಕಳೆದುಕೊಂಡವು.

ಇಲ್ಲಿ ಒಂದು ಮಾತನ್ನು ಬಿಡಿಸಿ ನೋಡಬೇಕು. ಎಲಿಯಟ್ ಹೇಳಿದ್ದು ಸುಳ್ಳೆಂದು ಯಾರೂ ಸಾಧಿಸಲಿಲ್ಲ. ಅದು ನಿಜವೆಂದು ಆತನೂ ಸಾಧಿಸಿರಲಿಲ್ಲ. ಆತನ ಕೈಯಲ್ಲಿದ್ದದ್ದು ಒಂದು ಜಮೀನು, ಒಂದು ಹವೆ, ಒಬ್ಬ ಹುರುಪಿನ ಮಾಲೀಕ. ಅವನ ಮಣ್ಣಿನ ಗುಣವೇ ಬೇರೆ, ಅವನಿಗೆ ದುಡ್ಡಿತ್ತು ಎಂದು ಪಕ್ಕದ ಊರಿನವನು ಹೇಳಿದರೆ ಅದಕ್ಕೆ ಉತ್ತರವಿರಲಿಲ್ಲ. ಒಬ್ಬ ರೈತನ ಕಣ್ಣಿಗೆ ಕಂಡ ಸತ್ಯ ಅವನ ಬೇಲಿಯ ಆಚೆಗೆ ಹೋಗುವುದು ಕಷ್ಟ.

ಬೇಲಿ ದಾಟುವ ಕೆಲಸ ಶುರುವಾದದ್ದು ಒಂದು ಬರದಿಂದ. 1988ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮಳೆ ಕೈಕೊಟ್ಟಿತು. ಅಲ್ಲಿನ ಸೀಡರ್ ಕ್ರೀಕ್‌ನ 207 ಮಡಿಗಳ ಲೆಕ್ಕವನ್ನು ಡೇವಿಡ್ ಟಿಲ್ಮನ್, ಜಾನ್ ಡೌನಿಂಗ್ ಇಬ್ಬರೂ 1994ರಲ್ಲಿ ಪ್ರಕಟಿಸಿದರು: ಹೆಚ್ಚು ಬಗೆಯ ಸಸ್ಯಗಳಿದ್ದ ಮಡಿಗಳು ಬರಕ್ಕೆ ಕಡಿಮೆ ಸೋತಿದ್ದವು, ಬೇಗ ಚೇತರಿಸಿಕೊಂಡಿದ್ದವು. ಕೂಡಲೇ ಆಕ್ಷೇಪಣೆಯೂ ಬಂತು. ಆ ಮಡಿಗಳಲ್ಲಿ ಸಸ್ಯಗಳು ಕಡಿಮೆಯಾದದ್ದೇ ಗೊಬ್ಬರ ಹಾಕಿದ್ದರಿಂದ. ಸೋತದ್ದು ವೈವಿಧ್ಯ ಇಲ್ಲದ್ದಕ್ಕೋ, ಗೊಬ್ಬರ ಉಂಡದ್ದಕ್ಕೋ? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬೀಜಗಳನ್ನು ಚೀಟಿ ಎತ್ತಿದಂತೆ ಆರಿಸಿ ಬಿತ್ತುವ ಪ್ರಯೋಗಗಳು ಬಂದವು. ಯುರೋಪಿನ ಎಂಟು ಕಡೆ ಒಂದೇ ವಿಧಾನದಲ್ಲಿ ನಡೆದ ಅಂಥ ಒಂದು ಪ್ರಯೋಗದ ಫಲಿತಾಂಶ 1999ರಲ್ಲಿ ಹೊರಬಂತು.

ಅದಕ್ಕೂ ರೈತರ ಕಡೆಯಿಂದ ತಕರಾರು ಇರಬಹುದಿತ್ತು: ಇದು ಬಡ ನೆಲದ ಕಾಡುಹುಲ್ಲಿನ ಮಾತು, ದನ ಸಾಕುವವನಿಗೆ ಏನು ಲಾಭ? ಹಾಗಾಗಿ ಮುಂದಿನ ಹೆಜ್ಜೆ ಜಮೀನಿನಲ್ಲೇ. 17 ದೇಶಗಳ 31 ಕಡೆ, ಐಸ್‌ಲೆಂಡಿನ ಚಳಿಯಿಂದ ಮೆಡಿಟರೇನಿಯನ್ ಬಿಸಿಲಿನವರೆಗೆ, ಸಂಶೋಧಕರು ಒಂದೇ ನಕ್ಷೆ ಹಿಡಿದು ಬಿತ್ತಿದರು. ಎರಡು ಹುಲ್ಲು, ಎರಡು ದ್ವಿದಳ. ಪ್ರತಿ ಜೋಡಿಯಲ್ಲಿ ಒಂದು ಬೇಗ ಏಳುವುದು, ಒಂದು ಬಹುಕಾಲ ಬಾಳುವುದು. ಮೂರು ವರ್ಷದ ಲೆಕ್ಕ 2013ರಲ್ಲಿ ಬಂತು. ಬೆರಕೆ ಮೇವು ಸುಮಾರು ಶೇಕಡ 60ರಷ್ಟು ಕಡೆಗಳಲ್ಲಿ ಅತ್ಯುತ್ತಮ ಒಂಟಿ ಬೆಳೆಯನ್ನೂ ಮೀರಿಸಿತ್ತು. ಕಳೆಯೂ ಕಡಿಮೆ. ಎಲ್ಲ ಕಡೆಯೂ ಗೆದ್ದಿತೆಂದು ಹೇಳದಿರುವುದೇ ಈ ಲೆಕ್ಕದ ಬೆಲೆ.

ಆಮೇಲೆ ಐರ್ಲೆಂಡಿನ ಜಾನ್ಸ್‌ಟೌನ್ ಕ್ಯಾಸಲ್‌ನಲ್ಲಿ ಆರು ಸಸ್ಯಗಳನ್ನು ಬೆರೆಸಿದರು: ರೈಗ್ರಾಸ್, ಟಿಮೊತಿ, ಬಿಳಿ ಕ್ಲೋವರ್, ಕೆಂಪು ಕ್ಲೋವರ್, ಪ್ಲಾಂಟೇನ್ ಎಂಬ ಸಣ್ಣ ಗಿಡ, ಮತ್ತು ಚಿಕೋರಿ. ಮಳೆಗೆ ಚಪ್ಪರದ ಮರೆ ಕಟ್ಟಿ ಬರವನ್ನೂ ತಾವೇ ಸೃಷ್ಟಿಸಿದರು. ಹೆಕ್ಟೇರಿಗೆ ವರ್ಷಕ್ಕೆ 150 ಕಿಲೋ ಸಾರಜನಕ ಪಡೆದು ಬರ ಉಂಡ ಬೆರಕೆ ಮೇವು, 300 ಕಿಲೋ ಪಡೆದು ಮಳೆಯನ್ನೂ ಉಂಡ ಒಂಟಿ ರೈಗ್ರಾಸಿಗೆ ಸರಿಸಮನಾಗಿ ನಿಂತಿತು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು. ಈಗ ಅದೇ ಆರು ಸಸ್ಯಗಳನ್ನು ಹಲವು ದೇಶಗಳ ತಂಡಗಳು ಬಿತ್ತಿ, ಹುಲ್ಲಿನ ನಂತರ ಬರುವ ಬೆಳೆಗೆ ಎಷ್ಟು ಸಾರ ಉಳಿಯುತ್ತದೆ ಎಂದೂ ಅಳೆಯುತ್ತಿವೆ. ಆ ಪ್ರಶ್ನೆ ಎಲಿಯಟ್‌ನದೇ. ಆತ ದೂರ ಇಟ್ಟಿದ್ದ ರೈಗ್ರಾಸಿಗೂ ಈ ಬೆರಕೆಯಲ್ಲಿ ಜಾಗ ಸಿಕ್ಕಿದೆ. ಅದರ ತಪ್ಪು ಒಂಟಿಯಾಗಿದ್ದದ್ದು ಅಷ್ಟೇ.

ಯುರೋಪಿನ ಈ ಆರು ಗಿಡಗಳನ್ನು ತಂದು ನಮ್ಮ ಕೆಂಪು ಮಣ್ಣಿಗೆ ಬಿತ್ತಿ ಎನ್ನುವುದು ಮೂರ್ಖತನ. ಆದರೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದವರಿಗೆ ಬೆರಕೆಯ ಲಾಭವನ್ನು ಯಾರೂ ಕಲಿಸಬೇಕಿಲ್ಲ. ನಮ್ಮಲ್ಲಿ ಮೇವು ಎಂದರೆ ಮಾತ್ರ ಈಗ ನೀರು, ಯೂರಿಯಾ ಕುಡಿದು ಬೆಳೆಯುವ ನೇಪಿಯರ್ ಹುಲ್ಲಿನ ಒಂದೇ ಪಟ್ಟಿ ಕಣ್ಣಿಗೆ ಬರುತ್ತದೆ. ಬಗೆಬಗೆಯ ಹುಲ್ಲು ಬೆಳೆಯುತ್ತಿದ್ದ ಅಮೃತಮಹಲ್ ಕಾವಲುಗಳು ಕಿರಿದಾಗುತ್ತಾ ಬಂದಿವೆ. ಝಾನ್ಸಿಯಲ್ಲಿ 1962ರಿಂದ ಮೇವಿನ ಸಂಶೋಧನಾ ಸಂಸ್ಥೆಯಿದೆ, ಧಾರವಾಡದಲ್ಲಿ ಅದರ ಕೇಂದ್ರವಿದೆ. ನಮ್ಮ ಹುಲ್ಲು, ನಮ್ಮ ದ್ವಿದಳ, ನಮ್ಮ ಆಳಬೇರಿನ ಗಿಡಗಳನ್ನು ಒಂದೇ ನಕ್ಷೆಯಲ್ಲಿ ಚಾಮರಾಜನಗರದಿಂದ ವಿದರ್ಭದವರೆಗೆ ಮೂವತ್ತು ಕಡೆ ಬಿತ್ತಿ, ಮೂರು ವರ್ಷ ತೂಗಿ, ಸೋತ ಕಡೆಯ ಲೆಕ್ಕವನ್ನೂ ಪ್ರಕಟಿಸಿದರೆ, ಒಬ್ಬ ರೈತ ಕಂಡದ್ದು ಪಕ್ಕದ ಊರಿನವನಿಗೂ ನಂಬುವ ಮಾತಾಗುತ್ತದೆ. ಮಂಜರಾಬಾದಿನಿಂದ ಕ್ಲಿಫ್ಟನ್ ಪಾರ್ಕಿಗೆ ಹೋದ ಎಲಿಯಟ್‌ಗೆ ಭೂಮಿಯೂ ಇತ್ತು, ಬೀಜವೂ ಇತ್ತು. ಇರದಿದ್ದದ್ದು ಈ ಉಳಿದ ಮೂವತ್ತು ಹೊಲಗಳು.