ವ್ಯಾಸತೀರ್ಥರ ಸ್ಮರಣೆ

ವಿಜಯನಗರದ ವಿದ್ವನ್ಮಂಡಲಿಗೆ ಭೂಷಣಪ್ರಾಯರಾಗಿದ್ದ ಶ್ರೀ ವ್ಯಾಸತೀರ್ಥರು ಕ್ರಿ.ಶ. 1539ರಲ್ಲಿ ಬೃಂದಾವನಸ್ಥರಾದರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನಗಳಲ್ಲಿ ಅವರದೂ ಒಂದು. ಪ್ರತಿವರ್ಷವೂ ಫಾಲ್ಗುಣ ಬಹುಳ ಚೌತಿಯಂದು ಅವರ ಆರಾಧನೆ ನಡೆಯುವುದು. 2019ರ ಜುಲೈ ತಿಂಗಳಲ್ಲಿ ನಿಧಿಯ ಆಸೆಯಿಂದ ದುಷ್ಕರ್ಮಿಗಳು ಆ ಬೃಂದಾವನವನ್ನು ಕೆಡವಿದರು. ಭಕ್ತರು ಕೂಡಲೇ ಅದನ್ನು ಮರಳಿ ಕಟ್ಟಿದರು.

ಆದರೆ ಗುರುಸ್ಮರಣೆಗೆ ಶಿಲೆಯೊಂದೇ ಆಶ್ರಯವಲ್ಲ. ಶಿಷ್ಯರಾದ ಪುರಂದರದಾಸರು ಗುರುಮಹಿಮೆಯನ್ನು ತಿಳಿಗನ್ನಡದಲ್ಲಿ ಹಾಡಿದರು. ವ್ಯಾಸತೀರ್ಥರ ‘ನ್ಯಾಯಾಮೃತ’ವನ್ನು ಖಂಡಿಸುವುದಕ್ಕಾಗಿ ಅದ್ವೈತಿಗಳಾದ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯನ್ನು ರಚಿಸಿದರು, ಅದಕ್ಕೆ ಪ್ರತ್ಯುತ್ತರವಾಗಿ ರಾಮಾಚಾರ್ಯರ ‘ತರಂಗಿಣಿ’ ಹುಟ್ಟಿತು. ಶಿಷ್ಯರ ಪದಗಳು ಗುರುವಿನ ಹೆಸರನ್ನು ಜನರ ನಾಲಗೆಯಲ್ಲಿ ಉಳಿಸಿದರೆ, ಪ್ರತಿವಾದಿಗಳ ಖಂಡನೆ ಅವರ ವಾದವನ್ನು ವಿದ್ವಾಂಸರ ಪಾಠದಲ್ಲಿ ಉಳಿಸಿತು. ಈ ಎರಡನೆಯ ಸ್ಮರಣೆಯೂ ಆರಾಧನೆಯೇ ಸರಿ.