ಉಮ್ಜೆ: ಪೂಜಾಮೇಳದ ನಾಯಕ

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ. ಇಂಥ ಟಿಬೆಟನ್ ಮಠಗಳಲ್ಲಿ ಮಂತ್ರಪಠಣವನ್ನೂ ವಾದ್ಯಮೇಳವನ್ನೂ ನಡೆಸುವವರು ಉಮ್ಜೆ. ‘ರೋಲ್ಮೊ’ ಎಂಬ ದೊಡ್ಡ ಕಂಚಿನ ತಾಳದಿಂದಲೇ ಅವರು ಇಡೀ ಮೇಳಕ್ಕೆ ಲಯ ತೋರಿಸುತ್ತಾರೆ.

ಉಮ್ಜೆಯಾಗುವ ಕಲಿಕೆಗೆ ತಳಪಾಯ ಬೀಳುವುದು ಬಾಲ್ಯದಲ್ಲೇ. ಮರಿಸನ್ಯಾಸಿಗಳು ಮೊದಲು ಪ್ರಾರ್ಥನಾ ಗ್ರಂಥಗಳನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ನಗಾರಿ, ತಾಳ, ಉದ್ದನೆಯ ದುಂಗ್‌ಚೆನ್ ಕಹಳೆ, ನಮ್ಮ ಮುಖವೀಣೆಯನ್ನು ಹೋಲುವ ಗ್ಯಾಲಿಂಗ್. ಗ್ಯಾಲಿಂಗ್ ಊದುವುದು ಬಹಳ ಕಷ್ಟದ ವಿದ್ಯೆ: ನಾದ ಕಡಿಯದಂತೆ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳಬೇಕು.

ಮಂತ್ರಪಠಣದಲ್ಲಿ ದನಿಯ ಏರಿಳಿತವನ್ನು ‘ಯಾಂಗ್‌ಯಿಗ್’ ಪುಸ್ತಕಗಳ ಬಾಗುಗೆರೆಗಳು ಸೂಚಿಸುತ್ತವೆ. ಆದರೂ ಗುರುಮುಖದಿಂದ ಕೇಳಿ ಕಲಿಯದೆ ಆ ಗೆರೆಗಳು ದಕ್ಕುವುದಿಲ್ಲ. ಗಟ್ಟಿ ಕಂಠ, ಗಟ್ಟಿ ನೆನಪು ಎರಡೂ ಇರುವವರೇ ಉಮ್ಜೆಯಾಗುತ್ತಾರೆ.

ಮಠಕ್ಕೆ ಬಂದವರು ಪೂಜೆ ನಡೆಯುವಾಗ ದಯವಿಟ್ಟು ಮಾತನಾಡದೆ ಕುಳಿತು ಆಲಿಸಿ.