ಏರ್‌ಬ್ಯಾಗಿನ ಪುಟ್ಟ ಪೆಟ್ಟಿಗೆ: ಒಂದು ಕಿರು ಇತಿಹಾಸ

ಹುಬ್ಬಳ್ಳಿಯ ಹಳೆಯ ಗ್ಯಾರೇಜುಗಳಲ್ಲಿ ‘ಮೈಕೋ’ ಎಂದರೆ ಪ್ಲಗ್ಗು, ಡೀಸೆಲ್ ಪಂಪು. 1951ರಲ್ಲಿ ಆರಂಭವಾದ ಈ ಕಂಪನಿ 2008ರಲ್ಲಿ ತನ್ನ ಮೂಲಸಂಸ್ಥೆಯಾದ ಜರ್ಮನಿಯ ಬಾಷ್‌ನ ಹೆಸರನ್ನೇ ಪಡೆಯಿತು. ಅದೇ ಬಾಷ್ 1980ರಲ್ಲಿ ಮರ್ಸಿಡಿಸ್ ಕಾರಿಗೆ ಏರ್‌ಬ್ಯಾಗ್ ನಿಯಂತ್ರಿಸುವ ವಿದ್ಯುನ್ಮಾನ ಪೆಟ್ಟಿಗೆಯನ್ನು ತಯಾರಿಸಿತೆಂಬುದು ನಮ್ಮ ಅನೇಕ ಉಸ್ತಾದರಿಗೆ ತಿಳಿಯದು.

ಕಥೆ ಅದಕ್ಕೂ ಹಿಂದಿನದು. 1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಪತ್ನಿ ಮತ್ತು ಪುಟ್ಟ ಮಗಳೊಂದಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿದ್ದ ಕಲ್ಲನ್ನು ತಪ್ಪಿಸಲು ಹೋಗಿ ಗಟಾರಕ್ಕೆ ಇಳಿದರು. ಮಗು ಮುಂದಕ್ಕೆ ಬೀಳದಿರಲೆಂದು ತಂದೆತಾಯಿ ಇಬ್ಬರೂ ಕೈ ಅಡ್ಡ ಹಿಡಿದರು. ಆ ಕೈಯ ಕೆಲಸವನ್ನು ಯಂತ್ರವೇ ಮಾಡಬಾರದೇಕೆ? 1953ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆದರೆ ಒತ್ತಿಟ್ಟ ಗಾಳಿಯಿಂದ ಚೀಲ ಬೇಗ ತುಂಬಲಿಲ್ಲ. ಡಿಕ್ಕಿಯನ್ನು ಅರಿಯುವ ನಂಬಿಕಸ್ಥ ಸಾಧನವೂ ಇರಲಿಲ್ಲ. 1960ರ ದಶಕದ ಕೊನೆಗೆ ಆಲೆನ್ ಬ್ರೀಡ್ ಅದಕ್ಕೊಂದು ಉಪಾಯ ಕಂಡುಹಿಡಿದರು: ಕೊಳವೆಯಲ್ಲಿ ಆಯಸ್ಕಾಂತ ಹಿಡಿದಿಟ್ಟ ಲೋಹದ ಗುಂಡು, ಡಿಕ್ಕಿಯಾದರೆ ಮುಂದಕ್ಕೆ ಜಾರಿ ವಿದ್ಯುತ್ ಸಂಪರ್ಕ ಕೊಡುತ್ತದೆ. ನಂತರ ಆ ಗುಂಡಿನ ಕೆಲಸವನ್ನು ಚಿಪ್ ವಹಿಸಿಕೊಂಡಿತು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ.

ನಮ್ಮ ದೇಶದಲ್ಲಿ ಬಹುಕಾಲ ಇದು ದುಬಾರಿ ಕಾರುಗಳ ಸೊತ್ತು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಕಡ್ಡಾಯವಾಯಿತು. ಮಗ್ಗುಲಿನ ಆಸನದ ಕಡ್ಡಾಯ 2021ರಲ್ಲಿ ಬಂದಿತು. ಅದೇ ವರ್ಷದ ಜನವರಿ 15ರಂದು ನಮ್ಮ ಬೈಪಾಸಿನ ಇಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಮಹಿಳೆಯರ ವಾಹನಕ್ಕೆ ಆದ ಗತಿಯನ್ನು ಅವಳಿ ನಗರದವರಾದ ನಾವು ಮರೆಯಲಾರೆವು.

ಚೀಲ ಒಮ್ಮೆ ಬಿಚ್ಚಿಕೊಂಡರೆ ಪೆಟ್ಟಿಗೆಯ ನೆನಪಿನಲ್ಲಿ ಆ ಡಿಕ್ಕಿ ದಾಖಲಾಗುತ್ತದೆ. ಸಾಮಾನ್ಯವಾಗಿ ಹೊಸದನ್ನೇ ಹಾಕಬೇಕು. ಇದಕ್ಕೆ ಪಾನಾದ ಜೊತೆಗೆ ತಾಳ್ಮೆಯೂ ಬೇಕು. ಬ್ಯಾಟರಿಯ ತಂತಿ ತೆಗೆದು, ಆ ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಡಿಕ್ಕಿಯಲ್ಲಿ ಬ್ಯಾಟರಿ ತುಂಡಾದರೂ ಚೀಲ ಬಿಚ್ಚಲೆಂದು ಪೆಟ್ಟಿಗೆ ತನ್ನೊಳಗೆ ವಿದ್ಯುತ್ ಕೂಡಿಟ್ಟಿರುತ್ತದೆ! ಪೆಟ್ಟಿಗೆಯ ಮೇಲಿನ ಬಾಣ ವಾಹನದ ಮುಂಭಾಗಕ್ಕೇ ಇರಬೇಕು, ಬೋಲ್ಟುಗಳು ಹೇಳಿದ ಬಿಗಿಗೆ ಬರಬೇಕು; ಸಡಿಲಿದ್ದರೆ ಅದು ಡಿಕ್ಕಿಯನ್ನೇ ತಪ್ಪಾಗಿ ಓದೀತು. ಕೊನೆಗೆ ಸ್ಕ್ಯಾನರ್‌ನಿಂದ ಆ ಕಾರಿಗೆ ಹೊಂದಿಸಬೇಕು.

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಗ್ಯಾರೇಜಿನವರು. ಇಂಗ್ಲಿಷ್ ಕೈಪಿಡಿಯ ಪುಟಗಳನ್ನು ಮಗನಿಂದ ಓದಿಸಿಕೊಂಡೇ ಅವರು ಈ ಕೆಲಸಕ್ಕೆ ಕೈ ಹಾಕುತ್ತಾರೆ. “ಸರ್, ಕೆಲವರು ರೊಕ್ಕ ಉಳಿಸಾಕ ಬಲ್ಬ್ ಕಿತ್ತಿ ಕಾರ್ ಮಾರತಾರ್ರೀ” ಎಂದರು ಅವರು. ಹಳೆಯ ಕಾರು ಕೊಳ್ಳುವವರು ಕೀ ತಿರುವಿದಾಗ ಏರ್‌ಬ್ಯಾಗಿನ ದೀಪ ಕೆಲವು ಕ್ಷಣ ಹತ್ತಿ ಆರುತ್ತದೆಯೇ ಎಂದು ನೋಡಿರಿ. ಹತ್ತದೇ ಇದ್ದರೆ ಅಲ್ಲೇ ಅನುಮಾನ. ಹತ್ತಿ ಆರಿದರೂ ಒಮ್ಮೆ ಸ್ಕ್ಯಾನರ್ ಹಚ್ಚಿಸುವುದು ಲೇಸು. ಆ ದೀಪಕ್ಕೆ ಬೇರೊಂದು ದೀಪದ ತಂತಿ ಜೋಡಿಸುವ ಚಾಣಾಕ್ಷರೂ ಇದ್ದಾರೆ.